ಎಲ್ಲವೂ ಉಷ್ಣವಲ್ಲ: ಬೆಂಗಳೂರಿನ ಬೇಸಿಗೆ ಮತ್ತು ಕ್ಯಾನ್ಸರ್ ಚಿಕಿತ್ಸೆ

ಬಾಯಲ್ಲಿ ಹುಣ್ಣಾದರೆ ಉಷ್ಣ. ಮೂತ್ರ ಉರಿದರೆ ಉಷ್ಣ. ಕಣ್ಣು ಕೆಂಪಾದರೆ, ಭೇದಿಯಾದರೆ, ಅಂಗಾಲು ಉರಿದರೆ, ರಾತ್ರಿ ನಿದ್ದೆ ಬರದಿದ್ದರೆ ಅದೂ ಉಷ್ಣ. ನಮ್ಮ ಮನೆಗಳಲ್ಲಿ ಈ ಒಂದು ಪದ ಹೊತ್ತಿರುವ ಹೊರೆ ಸಣ್ಣದಲ್ಲ. ಮಾಮೂಲಿ ದಿನಗಳಲ್ಲಿ ಇದರಿಂದ ಹಾನಿಯೂ ಇಲ್ಲ. ತಲೆಗೆ ಹರಳೆಣ್ಣೆ, ಹೊಟ್ಟೆಗೆ ಮಜ್ಜಿಗೆ, ಬೆಳಿಗ್ಗೆ ನೆನೆಸಿದ ಮೆಂತ್ಯ ಎಂದು ಎರಡು ದಿನ ಕಳೆಯುವಷ್ಟರಲ್ಲಿ ಬಹುತೇಕ ಸರಿಹೋಗಿರುತ್ತದೆ.

ಮನೆಯಲ್ಲಿ ಒಬ್ಬರಿಗೆ ಕೀಮೋ, ಅಂದರೆ ಕ್ಯಾನ್ಸರ್‌ನ ಔಷಧ ಚಿಕಿತ್ಸೆ, ನಡೆಯುತ್ತಿದ್ದು, ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿದ್ದರೆ ಮಾತ್ರ ಈ ಪದವನ್ನು ಸ್ವಲ್ಪ ಅನುಮಾನದಿಂದ ನೋಡಬೇಕು. ಸುಸ್ತು, ತಲೆಸುತ್ತು, ಒಣಗಿದ ಬಾಯಿ, ಬಿಸಿಯಾದ ಮೈ ಇವೆಲ್ಲ ಬಿಸಿಲಿನಿಂದಲೂ ಬರುತ್ತವೆ, ಔಷಧದಿಂದಲೂ ಬರುತ್ತವೆ, ಸೋಂಕಿನಿಂದಲೂ ಬರುತ್ತವೆ. ನೋಡುವುದಕ್ಕೆ ಮೂರೂ ಒಂದೇ ಥರ. ಮಾಡಬೇಕಾದದ್ದು ಮಾತ್ರ ಬೇರೆ ಬೇರೆ. ಒಂದಕ್ಕೆ ನೆರಳು ಮತ್ತು ನೀರು ಸಾಕು. ಇನ್ನೊಂದಕ್ಕೆ ವೈದ್ಯರು ಮಾತ್ರೆ ಬದಲಿಸಬೇಕು. ಮೂರನೆಯದಕ್ಕೆ ಅದೇ ಗಂಟೆಯಲ್ಲಿ ಆಸ್ಪತ್ರೆ ಸೇರಬೇಕು. ಯಾವುದು ಯಾವುದೆಂದು ತಿಳಿಯಬೇಕಾದರೆ ಒಳಗೆ ಏನಾಗುತ್ತಿದೆ ಎಂಬುದರಿಂದಲೇ ಶುರು ಮಾಡಬೇಕು.

ಹೂಜಿ, ಬೆವರು ಮತ್ತು ಕೀಮೋ

ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಿರುವುದೇಕೆ? ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಹೊತ್ತೊಯ್ಯುತ್ತದೆ. ನಮ್ಮ ಬೆವರಿನ ಕೆಲಸವೂ ಅದೇ. ಇದರ ಜೊತೆಗೆ ಹೃದಯ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಹರಿಸಿ ಬಿಸಿಯನ್ನು ಹೊರಹಾಕುತ್ತದೆ. ಈ ಎರಡು ಉಪಾಯಗಳಿಂದ ದೇಹ ತನ್ನನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ಎರಡಕ್ಕೂ ಬೇಕಾಗಿರುವುದು ನೀರು. ಹೂಜಿ ಬರಿದಾದರೆ ತಂಪೂ ಇಲ್ಲ.

ಈಗ ಕೀಮೋ. ಕ್ಯಾನ್ಸರ್ ಕೋಶಗಳು ವೇಗವಾಗಿ ಒಡೆದು ಎರಡಾಗುತ್ತಾ ಹೋಗುತ್ತವೆ. ಕೀಮೋ ಔಷಧಗಳಲ್ಲಿ ಹೆಚ್ಚಿನವು ಹೊಡೆಯುವುದು ಈ ವೇಗವನ್ನು. ತೊಂದರೆಯೆಂದರೆ, ದೇಹದ ಕೆಲವು ಒಳ್ಳೆಯ ಕೋಶಗಳೂ ಅಷ್ಟೇ ವೇಗದವು. ಹೊಲಕ್ಕೆ ಕಳೆನಾಶಕ ಹೊಡೆದಾಗ ಪಕ್ಕದ ಎಳೆಯ ಪೈರೂ ಬಾಡುವಂತೆ ರಕ್ತ ತಯಾರಾಗುವ ಅಸ್ಥಿಮಜ್ಜೆ, ಬಾಯಿ ಮತ್ತು ಕರುಳಿನ ಒಳಪದರ, ಕೂದಲಿನ ಬುಡ ಪೆಟ್ಟು ತಿನ್ನುತ್ತವೆ. ಕೂದಲು ಉದುರುವುದೂ ಬಾಯಿ ಹುಣ್ಣಾಗುವುದೂ ಭೇದಿಯಾಗುವುದೂ ಈ ಕಾರಣದಿಂದಲೇ.

ಬೇಸಿಗೆ ಇದರ ಮೇಲೆ ಬಂದು ಕೂರುತ್ತದೆ. ವಾಂತಿ ಭೇದಿಯಿಂದ ನೀರು ಆಗಲೇ ಹೋಗಿರುತ್ತದೆ, ಬೆವರಿನಿಂದ ಇನ್ನಷ್ಟು ಹೋಗುತ್ತದೆ. ಬಾಯಿ ಹುಣ್ಣಾಗಿರುವುದರಿಂದ ಕುಡಿಯುವುದೂ ಕಷ್ಟ. ಹಿಮೋಗ್ಲೋಬಿನ್ ಇಳಿದವರಲ್ಲಿ ಹೃದಯ ಆಮ್ಲಜನಕ ತಲುಪಿಸಲು ಆಗಲೇ ಹೆಚ್ಚು ದುಡಿಯುತ್ತಿರುತ್ತದೆ. ಅದಕ್ಕೆ ಚರ್ಮವನ್ನು ತಣಿಸುವ ಕೆಲಸವನ್ನೂ ಹೊರಿಸಿದರೆ ಬಸ್ ನಿಲ್ದಾಣದಲ್ಲಿ ನಿಂತಲ್ಲೇ ಕಣ್ಣು ಕತ್ತಲಿಡುತ್ತದೆ.

‘ಇದೂ ಒಂದು ಬಿಸಿಲೇ?’

ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ. 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯನ್ನು ಕಂಡವರಿಗೆ ಬೆಂಗಳೂರಿನದು ಬಿಸಿಲೆಂದೇ ಅನ್ನಿಸುವುದಿಲ್ಲ. ಅವರ ನಗುವಿನಲ್ಲಿ ನ್ಯಾಯವಿದೆ. ಇಲ್ಲಿ ಏಪ್ರಿಲ್‌ನ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 34 ಡಿಗ್ರಿ. 2016ರ ಏಪ್ರಿಲ್ 24ರಂದು 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿದ್ದು ಸುದ್ದಿಯಾಗುವಷ್ಟು ಅಪರೂಪ.

ಆದರೂ ಎರಡು ವಿಷಯ ಮೋಸ ಮಾಡುತ್ತವೆ. ಮಾರ್ಚ್ ಏಪ್ರಿಲ್‌ನಲ್ಲಿ ಇಲ್ಲಿನ ಗಾಳಿ ಒಣಗಾಳಿ. ಬೆವರು ಮಂಗಳೂರಿನಲ್ಲಿ ಅಂಗಿಯನ್ನು ತೋಯಿಸಿ ತನ್ನ ಇರವನ್ನು ಹೇಳುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಹಾಗಾಗಿ ಎಷ್ಟು ನೀರು ಕಳೆದುಕೊಂಡಿದ್ದೇವೆ ಎಂಬ ಲೆಕ್ಕ ಸಿಗುವುದಿಲ್ಲ. ಎರಡನೆಯದು ಎತ್ತರ. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಪ್ರತಿ ಸಾವಿರ ಮೀಟರ್‌ಗೆ ನೇರಳಾತೀತ ಕಿರಣ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಗಾಳಿ ತಂಪಾಗಿದ್ದರೂ ಚರ್ಮ ಸುಡುತ್ತಿರುತ್ತದೆ.

100.4 ಎಂಬ ಗೆರೆ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವ ವ್ಯವಧಾನವಿದ್ದರೆ ಇದನ್ನು ಓದಿ.

ಆಸ್ಪತ್ರೆಯ ಭಾಷೆಯಲ್ಲಿ ‘ಕೌಂಟ್ ಇಳಿದಿದೆ’ ಎಂದರೆ ಸಾಮಾನ್ಯವಾಗಿ ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೋಫಿಲ್ ಎಂಬ ಕಣಗಳು ಕಡಿಮೆಯಾಗಿವೆ ಎಂದರ್ಥ. ಬ್ಯಾಕ್ಟೀರಿಯಾ ಒಳಗೆ ನುಗ್ಗಿದರೆ ಮೊದಲು ಓಡಿಬರುವ ಕಾವಲುಗಾರರು ಇವರು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,500ಕ್ಕಿಂತ ಹೆಚ್ಚು ಇರಬೇಕಾದವು 500ಕ್ಕಿಂತ ಕೆಳಗಿಳಿದರೆ ಊರಿಗೆ ಕಾವಲೇ ಇಲ್ಲದಂತೆ. ಹಲವು ಕೀಮೋಗಳಲ್ಲಿ ಈ ಇಳಿತ ಔಷಧ ಕೊಟ್ಟ ಏಳರಿಂದ ಹದಿನಾಲ್ಕನೇ ದಿನದೊಳಗೆ ತಳ ಮುಟ್ಟುತ್ತದೆ, ಮೂರನೇ ವಾರದ ಹೊತ್ತಿಗೆ ಮತ್ತೆ ಏರುತ್ತದೆ. ಅನೇಕರಿಗೆ ಸೈಕಲ್‌ಗಳ, ಅಂದರೆ ಕೀಮೋದ ಸುತ್ತುಗಳ, ನಡುವೆ ಮೂರು ವಾರ ಬಿಡುವುದರ ಹಿಂದೆ ಈ ಲೆಕ್ಕವೂ ಇದೆ.

ಆ ದಿನಗಳಲ್ಲಿ ಸೋಂಕು ತಗುಲಿದರೆ ಕೀವು, ಊತ, ಕೆಮ್ಮು ಏನೂ ಕಾಣಿಸದೇ ಇರಬಹುದು. ಇವನ್ನೆಲ್ಲ ಉಂಟುಮಾಡುವುದೇ ಆ ಬಿಳಿಕಣಗಳು, ಅವೇ ಇಲ್ಲವಲ್ಲ. ಅನೇಕ ಸಲ ಉಳಿಯುವ ಏಕೈಕ ಸೂಚನೆ ಜ್ವರ. ಅದಕ್ಕಾಗಿಯೇ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್, ಕೀಮೋ ಪಡೆಯುವವರಿಗೆ ಗೆರೆ ಎಳೆದ ಅಂಕಿ. ಅಲ್ಲಿಗೆ ಮುಟ್ಟಿದರೆ ಹಗಲೋ ರಾತ್ರಿಯೋ ನೋಡದೆ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಇಂಥ ಜ್ವರ ಬಂದವರಿಗೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕೆಂಬುದು ವೈದ್ಯರು ಪಾಲಿಸುವ ನಿಯಮ. ಗಂಟೆಗಳ ಲೆಕ್ಕದಲ್ಲಿ ಕೆಡುವ ಸ್ಥಿತಿ ಇದು.

ನಮ್ಮ ದೊಡ್ಡಮ್ಮನ ಚಿಕಿತ್ಸೆ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಅವರ ಹಣೆ ಮುಟ್ಟಿದ ಮೂವರೂ ‘ಬಿಸಿಲಲ್ಲವೇ, ಉಷ್ಣ’ ಎಂದರು. ನಾನೂ ಅವರಲ್ಲಿ ಒಬ್ಬ. ಥರ್ಮಾಮೀಟರ್ ಇಟ್ಟವಳು ಹತ್ತನೇ ತರಗತಿಯ ಮೊಮ್ಮಗಳು. ಅದು 101 ತೋರಿಸಿತು.

ಕೈಯಿಂದ ಹಣೆ ಮುಟ್ಟಿ ಜ್ವರ ಅಳೆಯುವ ನಮ್ಮ ಪದ್ಧತಿ ಬೇಸಿಗೆಯಲ್ಲಿ ನಡೆಯುವುದಿಲ್ಲ. ಹಣೆಗೆ ಹಿಡಿಯುವ ಪಿಸ್ತೂಲಿನಂಥ ಉಪಕರಣವೂ ಬೆವರಿದ, ಬಿಸಿಲಿಗೆ ಕಾದ ಹಣೆಯ ಮುಂದೆ ತಪ್ಪುತ್ತದೆ. ನಾಲಗೆಯ ಕೆಳಗಿಡುವ ಡಿಜಿಟಲ್ ಥರ್ಮಾಮೀಟರ್ ವಾಸಿ. ಬಿಸಿಯೋ ತಣ್ಣಗಿನದೋ ಕುಡಿದಿದ್ದರೆ, ಬಿಸಿಲಿನಿಂದ ಈಗಷ್ಟೇ ಒಳಬಂದಿದ್ದರೆ ಇಪ್ಪತ್ತು ನಿಮಿಷ ನೆರಳಲ್ಲಿ ಕುಳಿತು ಅಳೆಯಬಹುದು. ಕಂಕುಳಲ್ಲಿ ಇಟ್ಟರೆ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ ಎಂಬುದು ನೆನಪಿರಲಿ. ಚಳಿ ನಡುಕ ಬಂದರೆ ಮಾತ್ರ ಕಾಯುವಂತಿಲ್ಲ. 35 ಡಿಗ್ರಿ ಬಿಸಿಲಲ್ಲಿ ಒಬ್ಬರು ಕಂಬಳಿ ಕೇಳಿದರೆ ಅದು ಉಷ್ಣವಲ್ಲ. ಮತ್ತೆ, ಜ್ವರ ಅಳೆದು ಆಸ್ಪತ್ರೆಗೆ ತಿಳಿಸುವ ಮೊದಲು ಪ್ಯಾರಾಸಿಟಮಾಲ್ ನುಂಗಿಸಬೇಡಿ. ಅದು ಅಂಕಿಯನ್ನು ಇಳಿಸುತ್ತದೆ, ಸೋಂಕನ್ನಲ್ಲ.

ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಹೇಳಬೇಕಾದ ಮೊದಲ ಮಾತು ‘ಜ್ವರ ಬಂದಿದೆ’ ಎಂದಲ್ಲ. ‘ಕೀಮೋ ಆಗಿ ಒಂಬತ್ತು ದಿನ, ಈಗ ಜ್ವರ 101’ ಎಂದು. ಮೊದಲ ಮಾತು ನಿಮ್ಮನ್ನು ಸಾಲಿನಲ್ಲಿ ಕೂರಿಸಬಹುದು, ಎರಡನೆಯದು ಒಳಗೆ ಕರೆಸುತ್ತದೆ.

ಯಾವ ನೀರು, ಎಷ್ಟು ನೀರು

‘ಚೆನ್ನಾಗಿ ನೀರು ಕುಡಿಯಿರಿ’ ಎಂಬ ಸಲಹೆ ಎಲ್ಲರಿಗೂ ಸಿಗುತ್ತದೆ, ಎಷ್ಟೆಂದು ಹೇಳುವವರು ಕಡಿಮೆ. ಸಾಮಾನ್ಯವಾಗಿ ದಿನಕ್ಕೆ ಎರಡರಿಂದ ಮೂರು ಲೀಟರ್ ಎನ್ನುತ್ತಾರೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಅತಿಯಾಗಬಹುದು, ಅವರ ಅಳತೆಯನ್ನು ವೈದ್ಯರೇ ಹೇಳಬೇಕು. ಸಿಸ್‌ಪ್ಲಾಟಿನ್ ಎಂಬ ಔಷಧ ಪಡೆಯುವವರಿಗೆ ನೀರಿನ ಮಾತು ಇನ್ನೂ ಗಂಭೀರ. ಆ ಔಷಧ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು, ಮೆಗ್ನೀಸಿಯಂ, ಪೊಟ್ಯಾಸಿಯಂ ಸೋರಿಹೋಗುವಂತೆ ಮಾಡಬಲ್ಲದು. ಅದನ್ನು ಕೊಡುವ ದಿನ ಬಾಟಲಿಗಟ್ಟಲೆ ಡ್ರಿಪ್ ಹಾಕುವುದು ಇದಕ್ಕೇ. ಮನೆಗೆ ಬಂದ ಮೇಲೆ ಆ ಡ್ರಿಪ್‌ನ ಕೆಲಸವನ್ನು ಲೋಟ ಮಾಡಬೇಕು.

ದೇಹದಲ್ಲಿ ನೀರು ಸಾಕಷ್ಟಿದೆಯೇ ಎಂದು ಹೇಳುವುದು ಮೂತ್ರದ ಬಣ್ಣ. ತಿಳಿ ಹಳದಿಯಾದರೆ ಸರಿ, ಗಾಢವಾಗಿದ್ದು ಆರೇಳು ಗಂಟೆ ಮೂತ್ರವೇ ಬರದಿದ್ದರೆ ಅಪಾಯ. ಇಲ್ಲೂ ಒಂದು ತಮಾಷೆಯಿದೆ. ‘ಕೆಂಪು ಔಷಧ’ ಎಂದೇ ಹೆಸರಾದ ಡಾಕ್ಸೊರುಬಿಸಿನ್ ಕೊಟ್ಟ ಒಂದೆರಡು ದಿನ ಮೂತ್ರ ಕೆಂಪಾಗಿರುತ್ತದೆ, ಅದು ರಕ್ತವಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದವರಿಗೆ ಎಷ್ಟು ನೀರು ಕುಡಿದರೂ ಹಳದಿಯೇ. ಮೂತ್ರ ಉರಿಯುವುದು ಮಾತ್ರ ಬೇರೆ ವಿಷಯ. ನೀರಿನ ಕೊರತೆಯಿಂದಲೂ ಆಗಬಹುದು, ಸೋಂಕಿನಿಂದಲೂ ಆಗಬಹುದು. ಸೈಕ್ಲೋಫಾಸ್ಫಮೈಡ್‌ನಂಥ ಔಷಧ ಮೂತ್ರಕೋಶವನ್ನು ಕೆರಳಿಸುವುದರಿಂದಲೂ ಆಗಬಹುದು. ಬಾರ್ಲಿ ನೀರು ಕುಡಿಯಿರಿ, ಜೊತೆಗೆ ವೈದ್ಯರಿಗೂ ಹೇಳಿ.

ವಾಂತಿ ಭೇದಿಯಿದ್ದರೆ ಬರೀ ನೀರು ಸಾಲದು, ಹೋದ ಲವಣವೂ ಮರಳಬೇಕು. ಒಆರ್‌ಎಸ್ ಪೊಟ್ಟಣ ಇದಕ್ಕಾಗಿಯೇ ಇದೆ. ಅದನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕದಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಔಷಧದಂಗಡಿಯ ಕಪಾಟಿನಲ್ಲಿ ಹಣ್ಣಿನ ರುಚಿಯ ಬಣ್ಣದ ಡಬ್ಬಿಗಳೂ ಇರುತ್ತವೆ. ಅವುಗಳಲ್ಲಿ ಹಲವು ಸಿಹಿ ಪಾನೀಯಗಳೇ ಹೊರತು ಒಆರ್‌ಎಸ್ ಅಲ್ಲ. ಸರಿಯಾದ ಸೂತ್ರವಿಲ್ಲದ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅತಿಯಾದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ಎಳನೀರು ಒಳ್ಳೆಯದೇ. ಅದರಲ್ಲಿ ಪೊಟ್ಯಾಸಿಯಂ ಬಹಳ, ಸೋಡಿಯಂ ಕಡಿಮೆ. ಮೂತ್ರಪಿಂಡ ದುರ್ಬಲವಾಗಿರುವವರು ಕೇಳಿಯೇ ಕುಡಿಯಬೇಕು. ಕಬ್ಬಿನ ಹಾಲಿನ ಗಾಣದ ವಿಷಯದಲ್ಲಿ ನನ್ನ ಅನುಮಾನ ಕಬ್ಬಿನ ಮೇಲಲ್ಲ, ಅದರೊಳಗೆ ಬೀಳುವ ಐಸ್ ಮೇಲೆ. ಆ ಐಸ್ ಯಾವ ನೀರಿನದೆಂದು ಗಾಣದವರಿಗೂ ಗೊತ್ತಿರುವುದಿಲ್ಲ. ಕತ್ತರಿಸಿಟ್ಟ ಕಲ್ಲಂಗಡಿ, ಮಸಾಲೆ ಹಚ್ಚಿದ ಸೌತೆಕಾಯಿಯದ್ದೂ ಇದೇ ಕಥೆ. ಮನೆಯಲ್ಲಿ ತೊಳೆದು, ಸಿಪ್ಪೆ ತೆಗೆದು, ಆಗಲೇ ತಿಂದರೆ ಅದೇ ಹಣ್ಣು ಒಳ್ಳೆಯ ಆಹಾರ.

ರಾಮನವಮಿಯ ಪೆಂಡಾಲುಗಳು ಇದೇ ಕಾಲಕ್ಕೆ ಬರುತ್ತವೆ. ಪಾನಕ, ನೀರುಮಜ್ಜಿಗೆ, ಕೋಸಂಬರಿಯನ್ನು ಬೇಡ ಎನ್ನಲು ಮನಸ್ಸು ಬರುವುದಿಲ್ಲ, ಅದು ಪ್ರಸಾದ. ಕೌಂಟ್ ಇಳಿದಿರುವ ವಾರದಲ್ಲಿ ಪ್ರಸಾದವನ್ನು ಕಣ್ಣಿಗೊತ್ತಿ ಮನೆಯವರಿಗೆ ಕೊಡುವುದೇ ಸರಿ. ಕೋಸಂಬರಿಯ ಹೆಸರುಬೇಳೆ ನೆನೆದಿರುತ್ತದೆ, ಬೆಂದಿರುವುದಿಲ್ಲ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಹೊರಗಿದ್ದ ಹಸಿ ಪದಾರ್ಥದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಸಕಲವೂ ಇದೆ. ಮನೆಯಲ್ಲಿ ಕಾಯಿಸಿದ ನೀರಿಗೆ ಬೆಲ್ಲ, ಏಲಕ್ಕಿ, ನಿಂಬೆ ಸೇರಿಸಿದರೆ ಅದೂ ಪಾನಕವೇ. ಸಕ್ಕರೆ ಕಾಯಿಲೆ ಇರುವವರು, ಕೀಮೋ ಜೊತೆ ರಕ್ತದ ಸಕ್ಕರೆ ಏರಿಸಬಲ್ಲ ಸ್ಟಿರಾಯ್ಡ್ ಪಡೆಯುವವರು ಬೆಲ್ಲದ ಬದಲು ಉಪ್ಪು ಹಾಕಿದ ತೆಳು ರಾಗಿ ಅಂಬಲಿಗೆ ಹೋಗುವುದು ಮೇಲು. ಬಾಯಿ ಹುಣ್ಣಾದವರ ಗಂಟಲಿಗೂ ಅಂಬಲಿ ಇಳಿಯುತ್ತದೆ, ನಿಂಬೆ ಉರಿಯುತ್ತದೆ.

ಹುಣ್ಣಿಗೆ ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಬಹುದು. ಭೇದಿಯನ್ನು ಮಾತ್ರ ಉಷ್ಣದ ಲೆಕ್ಕಕ್ಕೆ ಬರೆಯಬೇಡಿ. ದೇಹದ ರಕ್ಷಣಾ ವ್ಯವಸ್ಥೆಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ಪಡೆಯುವವರಲ್ಲಿ ಆ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬಿದ್ದು ಭೇದಿಯಾಗಬಹುದು. ಅದಕ್ಕೆ ಬೇರೆಯೇ ಔಷಧ ಬೇಕು, ತಡ ಮಾಡಿದರೆ ಕರುಳಿಗೆ ಹಾನಿ.

ಐಸ್ ಯಾರಿಗೆ, ಯಾರಿಗಿಲ್ಲ

ದೊಡ್ಡಕರುಳಿನ ಕ್ಯಾನ್ಸರ್‌ಗೆ ಹೆಚ್ಚಾಗಿ ಬಳಸುವ ಆಕ್ಸಾಲಿಪ್ಲಾಟಿನ್ ಎಂಬ ಔಷಧವಿದೆ. ಅದು ನರಗಳನ್ನು ತಂಪಿಗೆ ಅತಿಸೂಕ್ಷ್ಮವಾಗಿಸುತ್ತದೆ. ಕೊಟ್ಟ ನಂತರದ ಕೆಲವು ದಿನ ಫ್ರಿಜ್ ನೀರು ಕುಡಿದರೆ ಗಂಟಲು ಹಿಡಿದು ಉಸಿರೇ ಕಟ್ಟಿದಂತೆ ಅನ್ನಿಸಬಹುದು, ಫ್ರಿಜ್‌ನಿಂದ ಹಾಲಿನ ಪ್ಯಾಕೆಟ್ ತೆಗೆದರೆ ಬೆರಳು ಜುಮ್ಮೆನ್ನಬಹುದು. ಬೇಸಿಗೆಯಲ್ಲಿ ಇದು ಕ್ರೂರ ತಮಾಷೆ. ಹೊರಗೆ ಸೆಕೆ, ಒಳಗೆ ತಣ್ಣೀರು ನಿಷಿದ್ಧ. ಅವರಿಗೆ ಸಾಮಾನ್ಯ ಉಷ್ಣಾಂಶದ ನೀರು, ಸ್ಟೀಲ್ ಬದಲು ಬಟ್ಟೆ ಸುತ್ತಿದ ಲೋಟ, ಎಸಿಯ ಗಾಳಿ ನೇರ ಮುಖಕ್ಕೆ ಬೀಳದ ಜಾಗ ಬೇಕು.

ಇದಕ್ಕೆ ತದ್ವಿರುದ್ಧವಾಗಿ, ಫ್ಲೂರೊಯುರಾಸಿಲ್ ಇಂಜೆಕ್ಷನ್ ಕೊಡುವ ಹೊತ್ತಿನಲ್ಲಿ ಐಸ್ ಚೂರು ಚೀಪಲು ಹೇಳುವುದುಂಟು. ತಂಪಿಗೆ ಬಾಯಿಯ ರಕ್ತನಾಳ ಕುಗ್ಗಿ ಅಲ್ಲಿಗೆ ಔಷಧ ಕಡಿಮೆ ತಲುಪುತ್ತದೆ, ಹುಣ್ಣೂ ಕಡಿಮೆಯಾಗುತ್ತದೆ. ಪಕ್ಕದ ಹಾಸಿಗೆಯವರು ಐಸ್ ತಿನ್ನುತ್ತಿದ್ದಾರೆಂದು ನೀವೂ ತಿನ್ನಬೇಡಿ ಎನ್ನುವುದು ಇದಕ್ಕೇ. ಚೀಟಿಯಲ್ಲಿರುವ ಔಷಧದ ಹೆಸರು ಗೊತ್ತಿರಲಿ.

ಕರೆಂಟ್ ಮತ್ತು ಬಿಸಿಲು

ವಿಕಿರಣ ಚಿಕಿತ್ಸೆಯನ್ನು ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಅದರಲ್ಲಿ ವಿದ್ಯುತ್ ಇಲ್ಲ, ಇರುವುದು ಎಕ್ಸ್‌ರೇಯಂಥದೇ ಆದರೆ ಅದಕ್ಕಿಂತ ಬಹಳ ಬಲವಾದ ಕಿರಣ. ವಾರಕ್ಕೆ ಐದು ದಿನ, ಕೆಲವರಿಗೆ ಆರೇಳು ವಾರ. ಎರಡು ಮೂರು ವಾರ ಕಳೆದ ಮೇಲೆ ಆ ಭಾಗದ ಚರ್ಮ ಕೆಂಪಾಗಿ ಕಪ್ಪಾಗಿ ಒಣಗುತ್ತದೆ, ಅಲ್ಲಿನ ಬೆವರುಗ್ರಂಥಿಗಳೂ ಸೊರಗುತ್ತವೆ. ಕಂಕುಳು, ಕತ್ತು, ಸ್ತನದ ಕೆಳಗಿನ ಮಡಿಕೆಯಲ್ಲಿ ಪಕ್ಕದ ಚರ್ಮದ ಬೆವರು ನಿಂತು ತೊಯ್ದು ಸುಲಿಯುತ್ತದೆ.

ಉಗುರುಬೆಚ್ಚಗಿನ ನೀರು, ಒತ್ತದೆ ಒರೆಸುವ ಮೆದುವಾದ ಬಟ್ಟೆ, ಹಳೆಯ ಸಡಿಲ ಹತ್ತಿಯ ಉಡುಪು ಇಷ್ಟೇ ಉಪಚಾರ. ಐಸ್ ಗಡ್ಡೆ ನೇರವಾಗಿ ಇಡಬಾರದು. ಬೇಸಿಗೆಯಲ್ಲಿ ಕೈ ತಾನಾಗಿ ಪೌಡರ್ ಡಬ್ಬಿಗೆ ಹೋಗುತ್ತದೆ, ಅದೂ ಬೇಡ. ಕಿರಣ ಬೀಳಬೇಕಾದ ಜಾಗ ಗುರುತಿಸಲು ಚರ್ಮದ ಮೇಲೆ ಮಾರ್ಕರ್‌ನಿಂದ ಹಾಕಿದ ಗೆರೆಗಳು ಬೆವರಿಗೆ ಮಾಸುತ್ತಿದ್ದರೆ ತಂತ್ರಜ್ಞರಿಗೆ ಹೇಳಿ. ಮನೆಯಲ್ಲಿ ಸ್ಕೆಚ್ ಪೆನ್ನಿನಿಂದ ತಿದ್ದಿಕೊಳ್ಳುವ ಸಾಹಸ ಬೇಡ. ಚಿಕಿತ್ಸೆ ಮುಗಿದ ಮೇಲೂ ಒಂದು ವರ್ಷವಾದರೂ ಆ ಚರ್ಮಕ್ಕೆ ನೇರ ಬಿಸಿಲು ಬೀಳಬಾರದು.

ಕೀಮೋದಲ್ಲೂ ಮೆಥೊಟ್ರೆಕ್ಸೇಟ್, ಕ್ಯಾಪಸಿಟಾಬಿನ್, ಫ್ಲೂರೊಯುರಾಸಿಲ್‌ನಂಥವು ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತವೆ. ಕ್ಯಾಪಸಿಟಾಬಿನ್‌ನಿಂದ ಅಂಗೈ ಅಂಗಾಲು ಕೆಂಪಾಗಿ ಉರಿಯುವುದನ್ನೂ ನಾವು ಉಷ್ಣವೆಂದು ಹರಳೆಣ್ಣೆ ತಿಕ್ಕುತ್ತೇವೆ. ತಿಕ್ಕುವುದರಿಂದ ಅದು ಹೆಚ್ಚುತ್ತದೆ. ಅದು ಔಷಧದ ಪ್ರಮಾಣ ಬದಲಿಸಬೇಕೆಂಬ ಸೂಚನೆಯಿರಬಹುದು. ಕೂದಲಿಲ್ಲದ ನೆತ್ತಿಗೆ ವಿಗ್‌ಗಿಂತ ಹತ್ತಿಯ ವಸ್ತ್ರ ವಾಸಿ. ಕೊಡೆ ಹಿಡಿಯಲು ನಾಚಿಕೆಪಡುವ ಗಂಡಸರಿಗೆ ಏನು ಹೇಳಬೇಕೋ ತಿಳಿಯದು.

ಬಿಸಿಲಿಲ್ಲದ ಬಿಸಿ

ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್ ನುಂಗುವವರಿಗೆ, ಪ್ರೊಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್ ಪಡೆಯುವ ಗಂಡಸರಿಗೆ ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಬಿಸಿ ನುಗ್ಗಿ ಬೆವರೊಡೆಯುತ್ತದೆ. ಹಾರ್ಮೋನ್ ಇಳಿದಾಗ ಅಥವಾ ಅದರ ಕೆಲಸವನ್ನು ಔಷಧ ತಡೆದಾಗ ಮಿದುಳಿನ ಉಷ್ಣಾಂಶ ನಿಯಂತ್ರಕ ಅತಿ ಚುರುಕಾಗಿ, ಸಣ್ಣ ಬಿಸಿಗೂ ದೊಡ್ಡ ಗಂಟೆ ಬಾರಿಸುತ್ತದೆ. ಕೆಲವು ನಿಮಿಷದಲ್ಲಿ ಇಳಿಯುವುದರಿಂದ ಇದು ಜ್ವರವಲ್ಲ ಎಂದು ಗುರುತಿಸಬಹುದು. ಬಿಸಿ ಕಾಫಿ, ಖಾರ, ಒಲೆಯ ಮುಂದಿನ ಸಮಯ ಕಡಿಮೆ ಮಾಡಿದರೆ ಹಲವರಿಗೆ ಹಗುರ. ಸೆಕೆಗೆ ಬೇಸತ್ತು ಮಾತ್ರೆಯನ್ನು ತಾವೇ ನಿಲ್ಲಿಸುವವರಿದ್ದಾರೆ, ಹಾಗೆ ಮಾಡಬಾರದು. ಇದಕ್ಕೂ ಔಷಧವಿದೆ, ಕೇಳಬೇಕು ಅಷ್ಟೇ.

ಚುಚ್ಚುಮದ್ದಿನ ಬಸ್ ಪ್ರಯಾಣ

ಕೌಂಟ್ ಏರಿಸಲು ಕೊಡುವ ಫಿಲ್ಗ್ರಾಸ್ಟಿಮ್ ಚುಚ್ಚುಮದ್ದನ್ನು ಅನೇಕರು ಬೆಂಗಳೂರಿನಲ್ಲಿ ಕೊಂಡು ಊರಿನ ಕ್ಲಿನಿಕ್‌ನಲ್ಲಿ ಹಾಕಿಸಿಕೊಳ್ಳುತ್ತಾರೆ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧ. ಮೆಜೆಸ್ಟಿಕ್‌ನಿಂದ ಕೋಲಾರಕ್ಕೋ ಹಾಸನಕ್ಕೋ ಹೋಗುವ ಬಸ್ಸಿನ ಕಿಟಕಿ ಪಕ್ಕದ ಕೈಚೀಲ ಅಷ್ಟು ತಂಪಿರುವುದಿಲ್ಲ. ಅಂಗಡಿಯವರಿಂದಲೇ ಜೆಲ್ ಪ್ಯಾಕ್ ಇರುವ ಥರ್ಮೋಕೋಲ್ ಡಬ್ಬಿ ಕೇಳಿ ಪಡೆಯಬೇಕು. ಔಷಧಕ್ಕೂ ಜೆಲ್‌ಗೂ ನಡುವೆ ಬಟ್ಟೆಯ ಪದರವಿರಲಿ, ಹೆಪ್ಪುಗಟ್ಟಿದರೂ ಔಷಧ ಕೆಡುತ್ತದೆ. ಮನೆಯಲ್ಲಿ ಫ್ರಿಜ್‌ನ ಬಾಗಿಲಲ್ಲಿಡದೆ ನಡುವಿನ ತಟ್ಟೆಯಲ್ಲಿಡಿ. ಮಾತ್ರೆಗಳನ್ನೂ ಸ್ಕೂಟರ್ ಡಿಕ್ಕಿಯಲ್ಲಿ, ಒಲೆಯ ಮೇಲಿನ ಕಪಾಟಿನಲ್ಲಿ ಇಡುವಂತಿಲ್ಲ.

ಮೇಲಿನ ಮಹಡಿ, ಶೀಟ್ ಮನೆ

ಶೀಟಿನ ಮನೆಯಲ್ಲಿ, ತಾರಸಿಯ ಕೆಳಗಿನ ಕೋಣೆಯಲ್ಲಿ ಸಂಜೆಯಾದರೂ ಛಾವಣಿ ಶಾಖ ಸುರಿಸುತ್ತಿರುತ್ತದೆ. ರೋಗಿಯ ಮಂಚವನ್ನು ಕೆಳಗಿನ ಮನೆಗೋ ಬಿಸಿಲು ಬೀಳದ ಗೋಡೆಯ ಕಡೆಗೋ ಸರಿಸುವುದು, ತಾರಸಿಗೆ ಬಿಳಿ ಸುಣ್ಣ ಬಳಿಯುವುದು ಹೆಚ್ಚು ಖರ್ಚಿಲ್ಲದ ಉಪಾಯಗಳು. ಬೆಂಗಳೂರಿನ ಉಷ್ಣಾಂಶ ದೇಹದ ಉಷ್ಣಾಂಶಕ್ಕಿಂತ ಕೆಳಗಿರುವ ಬಹುತೇಕ ದಿನ ಫ್ಯಾನ್ ಸಾಕು, ಕೈಕಾಲು ಒದ್ದೆ ಮಾಡಿಕೊಂಡು ಕುಳಿತರೆ ಇನ್ನೂ ತಂಪು. ಕೂಲರ್ ಇದ್ದರೆ ಅದರ ನೀರನ್ನು ದಿನವೂ ಬದಲಿಸಿ ತೊಟ್ಟಿ ತಿಕ್ಕಬೇಕು. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಮುಂಗಾರುಪೂರ್ವ ಮಳೆ ಬಿದ್ದ ಮೇಲೆ ಡೆಂಗಿ ಸೊಳ್ಳೆಯೂ ಬೆಳೆಯುತ್ತದೆ. ಪ್ಲೇಟ್‌ಲೆಟ್ ಆಗಲೇ ಕಡಿಮೆಯಿರುವವರಿಗೆ ಡೆಂಗಿ ದುಪ್ಪಟ್ಟು ಅಪಾಯ.

ಇಷ್ಟಾದರೂ ನಿಜವಾದ ಬಿಸಿಲಿನ ಹೊಡೆತವೂ ಉಂಟು. ಬೆವರು, ತಲೆನೋವು, ವಾಕರಿಕೆ, ಸ್ನಾಯುಸೆಳೆತ ಕಂಡರೆ ನೆರಳು, ನೀರು, ವಿಶ್ರಾಂತಿಯಿಂದ ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣಬೇಕು. ಮಾತು ತೊದಲಿ, ಗಲಿಬಿಲಿಗೊಂಡು, ಮೈ 40 ಡಿಗ್ರಿ ದಾಟಿದರೆ ಅದು ಶಾಖಾಘಾತ. 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಮೈಮೇಲೆ ನೀರು ಹಾಕಿ ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಗೋಡೆಯ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಗ್ಯಾಸ್ ಬುಕ್ ಮಾಡಿದ ದಿನ ಎಲ್ಲ ಗುರುತಿಸುತ್ತೇವೆ. ಕೀಮೋ ಆದ ದಿನಕ್ಕೆ ಒಂದು ಸುತ್ತು ಹಾಕಿ, ಏಳರಿಂದ ಹದಿನಾಲ್ಕನೇ ದಿನದವರೆಗೆ ಅಡ್ಡಗೆರೆ ಎಳೆದಿಡಿ. ಬೇಸಿಗೆಯ ಮದುವೆ, ಗೃಹಪ್ರವೇಶ, ಕರಗದ ರಾತ್ರಿ ಆ ಗೆರೆಯೊಳಗೆ ಬಿದ್ದರೆ ಆಶೀರ್ವಾದವನ್ನು ಫೋನಿನಲ್ಲಿ ಕಳಿಸಬಹುದು. ಥರ್ಮಾಮೀಟರನ್ನು ಅದೇ ಕ್ಯಾಲೆಂಡರಿನ ಮೊಳೆಗೆ, ಒಂದು ಸಣ್ಣ ಚೀಲದಲ್ಲಿ ನೇತುಹಾಕಿ. ಆಸ್ಪತ್ರೆಯ ರಾತ್ರಿ ಪಾಳಿಯ ಫೋನ್ ನಂಬರನ್ನು ಮಕ್ಕಳಿಗೂ ಓದಲಾಗುವಷ್ಟು ದಪ್ಪಕ್ಷರದಲ್ಲಿ ಪಕ್ಕಕ್ಕೆ ಬರೆಯಿರಿ.